ನನ್ನ ಹತ್ತೊಂಬತ್ತು ಕಡಲಹಕ್ಕಿಗಳು

ಕೊಡಗು ಆಗ ತನ್ನಷ್ಟಕ್ಕೆ ಒಂದು ರಾಜ್ಯ. ಮಡಿಕೇರಿಯೇ ರಾಜಧಾನಿ, ನಮಗೆ ನಮ್ಮದೇ ಮುಖ್ಯಮಂತ್ರಿ. ರಾಜ್ಯಕ್ಕೆ ಬೆಟ್ಟವಿತ್ತು, ಹೊಳೆಯಿತ್ತು, ಆನೆಯಿತ್ತು. ಸಮುದ್ರವೊಂದು ಇರಲಿಲ್ಲ. ಆದರೂ ಕಡಲಹಕ್ಕಿಗಳ ಸಮೀಕ್ಷೆಗೆ ಈ ರಾಜ್ಯದ ಏಕೈಕ ಪ್ರತಿನಿಧಿಯಾಗಿ ಹೋದವನು ನಾನು, ಶನಿವಾರಸಂತೆಯ ಶಾಲಾ ಮೇಷ್ಟ್ರು.

ಮಂಗಳೂರಿನ ಕಾಲೇಜಿನಲ್ಲಿದ್ದ ರಾಯರು ಎಂಬ ಪ್ರೊಫೆಸರು ಪತ್ರಿಕೆಯಲ್ಲಿ ಒಂದು ಪ್ರಕಟಣೆ ಕೊಟ್ಟಿದ್ದರು. ಕರಾವಳಿಯುದ್ದಕ್ಕೂ ಅಪರೂಪದ ಕಡಲಹಕ್ಕಿಗಳು ಎಲ್ಲೆಲ್ಲಿವೆ ಎಂದು ಗುರುತಿಸಲು ಆಸಕ್ತರು ಬೇಕು, ನೋಡಿದವರ ಹೆಸರು ವರದಿಯಲ್ಲಿ ಅಚ್ಚಾಗುತ್ತದೆ. ಅಚ್ಚಿನಲ್ಲಿ ಹೆಸರು! ನಾನು ಅಂದೇ ಕಾಗದ ಬರೆದೆ. ಒಪ್ಪಿಗೆ ಬಂದ ದಿನ ಸಂತೆಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದೆ. ಕಡಲನ್ನು ನಾನು ಅದುವರೆಗೆ ಕಂಡಿರಲಿಲ್ಲ ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ದಸರಾ ರಜೆಗೆ ಹೊರಟಾಗ ನನ್ನ ಹೆಂಡತಿ ಗೌರಮ್ಮ ಒಂದು ಚೀಲ ಕೈಗಿಟ್ಟಳು.

"ಮಂಗ್ಳೂರಿಗೆ ಹೋಗಿ ಬರಿಗೈಲಿ ಬಂದ್ರೆ ಜನ ನಗ್ತಾರೆ. ಒಣಮೀನು ತನ್ನಿ. ನಮಗೂ, ಪಕ್ಕದ ಮನೆ ಅಕ್ಕಂಗೂ, ಹೆಡ್‌ಮಾಸ್ಟ್ರ ಮನೆಗೂ."

"ನಾನು ವಿಜ್ಞಾನದ ಕೆಲಸಕ್ಕೆ ಹೋಗ್ತಿರೋದು ಕಣೇ."

"ಹೋಗಿ, ಯಾರ್ ಬ್ಯಾಡ ಅಂದ್ರು? ಬೂಸ್ಟು ಹಿಡೀದಂಗೆ ಆಗಾಗ ಬಿಸಿಲಿಗೆ ಹರವಿ."

ಘಟ್ಟದ ಮೇಲಿನವರು ಕರಾವಳಿಗೆ ಹೋದರೆ ಒಣಮೀನು ತರದೆ ಹಿಂದಿರುಗುವಂತಿಲ್ಲ. ಕೊನೆಯ ದಿನ ಮರೆತುಬಿಟ್ಟರೆ ಕಷ್ಟವೆಂದು ನಾನು ಮೊದಲ ದಿನವೇ ಚೀಲ ತುಂಬ ಒಣ ಬಂಗುಡೆ ಮೀನು ಕೊಂಡೆ. ನಾನು ಇಳಿದುಕೊಂಡಿದ್ದ ಹೋಟೆಲು ಶುದ್ಧ ಸಸ್ಯಾಹಾರಿ. ಮಾಲೀಕರು ಚೀಲವನ್ನು ಮೂಸಿ, "ಇದು ಒಳಗೆ ಆಗುದಿಲ್ಲ" ಎಂದರು. ಹಿತ್ತಲಿನ ಸೌದೆಮನೆಯಲ್ಲಿ ಇಡೋಣವೆಂದರೆ ಹಗಲೆಲ್ಲ ಅಲ್ಲಿ ಬೆಕ್ಕುಗಳ ಸಭೆ. ಹಾಗಾಗಿ ರಾಜ್ಯದ ಪ್ರತಿನಿಧಿಗಳು ಬೆಳಿಗ್ಗೆಯಿಂದ ಸಂಜೆವರೆಗೆ ಒಣಮೀನನ್ನು ಬೆನ್ನಿಗೆ ಕಟ್ಟಿಕೊಂಡೇ ಓಡಾಡಬೇಕಾಯಿತು.

ರಾಯರು ನನಗೆ ಒಂದು ದುರ್ಬೀನು, ಒಂದು ನಕ್ಷೆ, ನಾಲ್ಕು ದಿನದ ಕೆಲಸ ಕೊಟ್ಟರು. ದಿನಕ್ಕೆ ಐದೈದು ಮೈಲಿ ಹೊಸ ದಂಡೆ. ಮೈಲಿಗೊಮ್ಮೆ ಕೂತು ನೋಡಿ, ಕಂಡದ್ದಕ್ಕೆ ನಕ್ಷೆಯಲ್ಲಿ ಚುಕ್ಕೆ ಇಡಬೇಕು.

"ಒಂದು ಹಕ್ಕಿ ಮಾತ್ರ ಬಿಡಬೇಡಿ" ಎಂದು ಅವರು ದನಿ ತಗ್ಗಿಸಿದರು. "ಹದ್ದಿನಷ್ಟು ದೊಡ್ಡದು, ಕಂದು ಬಣ್ಣ, ರೆಕ್ಕೆಯಲ್ಲಿ ಬಿಳಿ ಮಚ್ಚೆ. ಬೇರೆ ಹಕ್ಕಿಗಳ ಬಾಯಿಂದ ಮೀನು ಕಿತ್ಕೊಳ್ತದೆ. ದಕ್ಷಿಣದ ಹಿಮದ ಕಡೆಯಿಂದ ಬರುವುದು ಮಾರಾಯ್ರೆ. ಒಮ್ಮೆ ದೋಣಿಯಲ್ಲಿ ಹೋಗುವಾಗ ನಾನು ಕಂಡಿದ್ದೇನೆ. ಯಾರೂ ನಂಬಲಿಲ್ಲ. ಇನ್ನೊಬ್ಬರು ಕಂಡರೆ ನಂಬ್ತಾರೆ."

ಆ ಇನ್ನೊಬ್ಬ ನಾನೇ ಎಂದು ಆಗಲೇ ತೀರ್ಮಾನಿಸಿಬಿಟ್ಟೆ.

ಮೊದಲ ಮೈಲಿಯಲ್ಲಿ ಟವೆಲು ಹಾಸಿ, ಮೀನನ್ನು ಬಿಸಿಲಿಗೆ ಹರವಿ, ಅದಕ್ಕೆ ಬೆನ್ನು ಮಾಡಿ ಮರಳಿನ ಮೇಲೆ ಬೋರಲು ಮಲಗಿದೆ. ಕಡಲು ಎಂಥ ವಿಚಿತ್ರ! ಒಂದು ಅಲೆಯಂತೆ ಇನ್ನೊಂದಿಲ್ಲ. ಅಷ್ಟು ನೀರು ಏನು ಮಾಡುತ್ತದೆ, ಅದರಾಚೆ ಯಾರಿದ್ದಾರೆ ಎಂದು ಯೋಚಿಸುತ್ತ ಹಕ್ಕಿಯನ್ನೇ ಮರೆತಿದ್ದೆ. ಅರ್ಧ ಗಂಟೆಯಾಗಿರಬೇಕು, ತಲೆಯ ಮೇಲೆ ಬೀಸಣಿಗೆ ಬೀಸಿದಂತೆ ಗಾಳಿ ಬಂತು. ಕಂದು ಬಣ್ಣದ ದೊಡ್ಡ ಹಕ್ಕಿ! ರೆಕ್ಕೆಯಲ್ಲಿ ಬಿಳಿ ಮಚ್ಚೆ! ನನ್ನ ಹಿಂದಿನಿಂದ ಹಾರಿ ಕಡಲಿನತ್ತ ಹೋಯಿತು. ಕೂಡಲೇ ನಕ್ಷೆ ಬಿಡಿಸಿ ಚುಕ್ಕೆ ಇಟ್ಟೆ.

ಎರಡನೇ ಮೈಲಿಯಲ್ಲಿ ಇನ್ನೊಂದು. ಮೂರನೆಯದರಲ್ಲಿ ಮತ್ತೊಂದು. ಎಲ್ಲವೂ ನನ್ನ ಹಿಂದಿನಿಂದಲೇ ಬಂದವು. ಈ ಜಾತಿ ಸದಾ ನೆಲದ ಕಡೆಯಿಂದ ಕಡಲಿಗೆ ಹಾರುತ್ತದೆ ಎಂದು ಟಿಪ್ಪಣಿ ಬರೆದೆ. ದೋಣಿಗಳ ಬಳಿ ಇದ್ದ ಹೆಂಗಸರು ನನ್ನನ್ನು ನೋಡಿ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ವಿಜ್ಞಾನ ಅವರಿಗೆ ಹೊಸದು, ಪಾಪ ಎಂದುಕೊಂಡೆ. ಚೀಲ ದಿನೇ ದಿನೇ ಹಗುರವಾಯಿತು. ಕರಾವಳಿಯ ಬಿಸಿಲಿಗೆ ಮೀನು ಎಷ್ಟು ಚೆನ್ನಾಗಿ ಒಣಗುತ್ತದೆ ಎಂದು ಅದಕ್ಕೂ ಸಂತೋಷಪಟ್ಟೆ.

ನಾಲ್ಕು ದಿನಕ್ಕೆ ಹತ್ತೊಂಬತ್ತು ಚುಕ್ಕೆ. ನಕ್ಷೆ ನೋಡಿದ ರಾಯರು ಕುರ್ಚಿಯಿಂದ ಎದ್ದರು, ಮತ್ತೆ ಕೂತರು.

"ಹತ್ತೊಂಬತ್ತಾ?"

"ಒಂದು ಮೈಲಿಯಲ್ಲಿ ಮಳೆ ಬಂತು ಸಾರ್. ಇಲ್ಲದಿದ್ದರೆ ಇಪ್ಪತ್ತು."

"ನಾಳೆ ನಾನೂ ಬರ್ತೇನೆ."

ಐದನೇ ದಿನ ಇಬ್ಬರೂ ಹೊರಟೆವು. ಮೀನು ಮುಟ್ಟದ ಹಿರಿಯರ ಜೊತೆಗೆ ಆ ವಾಸನೆ ಬೇಡವೆಂದು ಚೀಲವನ್ನು ಅಂದು ಪಕ್ಕದ ಅಂಗಡಿಯಲ್ಲಿ ಬಿಟ್ಟೆ. ಒಂದು ಮೈಲಿ, ಎರಡು, ಮೂರು. ಕಾಗೆ ಬಂತು, ಹದ್ದು ಬಂತು, ನನ್ನ ಹಕ್ಕಿ ಬರಲಿಲ್ಲ. ರಾಯರು ಹತ್ತೊಂಬತ್ತು ಚುಕ್ಕೆಗಳನ್ನು ಮತ್ತೆ ಮತ್ತೆ ನೋಡಿ ನಕ್ಷೆಯನ್ನು ಮಡಿಸಿ ಜೇಬಿಗಿಟ್ಟರು. ನನಗೆ ನಾಚಿಕೆಯಿಂದ ನೆಲಕ್ಕಿಳಿದು ಹೋಗುವಂತಾಯಿತು. ಈ ಮನುಷ್ಯನನ್ನು ಯಾರೂ ನಂಬದಿದ್ದದ್ದು ಸಾಲದೆಂದು ಈಗ ನನ್ನನ್ನೂ ಜೊತೆಗೆ ಕಟ್ಟಿಕೊಂಡಿದ್ದರು.

ಆಗ ಕಲ್ಯಾಣಿಯಕ್ಕ ಸಿಕ್ಕಿದಳು. ದೋಣಿ ಬಂದ ದಂಡೆಗೆಲ್ಲ ಹೋಗಿ ಮೀನು ಕೊಳ್ಳುವ ಹೆಂಗಸು, ನಾಲ್ಕು ದಿನವೂ ನನ್ನನ್ನು ನೋಡಿ ನಕ್ಕವಳು.

"ಇವತ್ತು ಮೀನು ತರ್ಲಿಲ್ವಾ ಮಾಷ್ಟ್ರೆ? ನಿಮ್ಮ ಹಕ್ಕಿಗೆ ಊಟ ಎಂತ?"

"ಯಾವ ಹಕ್ಕಿ?" ಎಂದರು ರಾಯರು.

"ಒಂದೇ ಅಲ್ವಾ ಇರುದು. ಎಡಗಾಲಲ್ಲಿ ಒಂದು ಬೆರಳಿಲ್ಲ ಅದಕ್ಕೆ. ನಮ್ಮ ಮೀನಿಗೆ ನಾವು ಕೋಲು ಹಿಡಿದು ಕಾವಲು ಕೂರ್ತೇವೆ. ಇವರು ಎಲೆ ಹಾಕಿದ ಹಾಗೆ ಬಡಿಸಿ, ಆಚೆ ಮುಖ ಮಾಡಿ ಮಲಗ್ತಾರೆ. ಅದು ತಿಂದು ಹೋಗ್ತದೆ. ನಾಲ್ಕು ದಿನದಿಂದ ಇವರ ಹಿಂದೆಯೇ ಉಂಟು."

ನಾನು ಕರಾವಳಿಯ ಉದ್ದಕ್ಕೂ ಗುರುತಿಸಿದ್ದು ಹಕ್ಕಿಯ ನೆಲೆಯನ್ನಲ್ಲ, ನನ್ನ ಬಂಗುಡೆಯ ಪ್ರಯಾಣವನ್ನು.

ರಾಯರು ಬಯ್ಯುತ್ತಾರೆಂದು ಕಾದೆ. ಅವರು ಕಲ್ಯಾಣಿಯಕ್ಕನ ಕಡೆ ತಿರುಗಿ, "ಒಂದಾದರೂ ಉಂಟಲ್ಲ?" ಎಂದು ಕೇಳಿ, ಅವಳ ಬುಟ್ಟಿಯಿಂದ ಬಂಗುಡೆಯೊಂದನ್ನು ಎರಡು ಬೆರಳಲ್ಲಿ ಎತ್ತಿ ಮರಳಿನ ಮೇಲಿಟ್ಟರು.

"ಮಾಷ್ಟ್ರೆ, ನೀವು ದಿನಾ ಮಲಗುವ ಹಾಗೇ ಮಲಗಿ."

ಮಲಗಿದೆ. ರಾಜ್ಯದ ಪ್ರತಿನಿಧಿ ಎರೆಯ ಪಕ್ಕದಲ್ಲಿ ಬೋರಲು ಬಿದ್ದಿದ್ದಾಗ ಹಿಂದೆ ರೆಕ್ಕೆಯ ಸದ್ದಾಯಿತು. ತಿರುಗಿ ನೋಡುವ ಆಸೆಯನ್ನು ಹಲ್ಲು ಕಚ್ಚಿ ತಡೆದೆ. ಕೊನೆಗೆ ಎದ್ದಾಗ ರಾಯರ ಕಣ್ಣು ಒದ್ದೆಯಾಗಿತ್ತು. "ಬೆರಳು ಇಲ್ಲ, ನಿಜ" ಎಂದಷ್ಟೇ ಅಂದರು.

ಆರು ತಿಂಗಳ ಮೇಲೆ ವರದಿ ಅಚ್ಚಾಗಿ ಅಂಚೆಯಲ್ಲಿ ಬಂತು. ನಕ್ಷೆಯಲ್ಲಿ ಒಂದೇ ಚುಕ್ಕೆ. ಕೆಳಗೆ ಹೀಗಿತ್ತು: 'ಈ ಹಕ್ಕಿಯನ್ನು ಗುರುತಿಸಿದವರು ಮೀನು ವ್ಯಾಪಾರಿ ಶ್ರೀಮತಿ ಕಲ್ಯಾಣಿ. ಇದು ಒಣಮೀನು ಹೊತ್ತ ಪ್ರವಾಸಿಯೊಬ್ಬನನ್ನು ಹಿಂಬಾಲಿಸುತ್ತಿತ್ತು.'

ಪುಸ್ತಕವನ್ನು ಮೂರು ಸಲ ತಿರುವಿ ಹಾಕಿದೆ. ಬೇರೆಲ್ಲೂ ನಾನಿರಲಿಲ್ಲ. ಸಂತೆಯವರು ಶನಿವಾರ ಬಂದು ಕೇಳುವುದು ಖಂಡಿತ. ಪೆನ್ನು ತೆಗೆದು 'ಪ್ರವಾಸಿ' ಎಂಬುದರ ತಲೆಯ ಮೇಲೆ, ಅಚ್ಚಿನಂತೆ ಕಾಣಲೆಂದು ದುಂಡಗೆ, ನನ್ನ ಹೆಸರು ಬರೆದೆ. ಹಿಂದೆ ನಿಂತಿದ್ದ ಗೌರಮ್ಮ ಬಗ್ಗಿ ನೋಡಿದಳು.

"ಪೆನ್ನಲ್ಲೇ ಬರ್ಕಳೋದಾಗಿದ್ರೆ ಮಂಗ್ಳೂರಿಗ್ಯಾಕ್ರೀ ಹೋಗ್ಬೇಕಿತ್ತು?"