ಲವಂಗಪುರದಲ್ಲಿ ಬಂದ ಜ್ವರ

ಮಾತಿನಲ್ಲಿ ನಮ್ಮ ಸೋದರಮಾವನನ್ನು ಸೋಲಿಸಿದವರು ಕೈಲಾಂಚ ಹೋಬಳಿಯಲ್ಲೇ ಇಲ್ಲ. ಕನ್ನಡ ಬಾರದವರು ಸಿಕ್ಕರಂತೂ ಅವರಿಗೆ ಇನ್ನೂ ಹುರುಪು, ಎದುರುತ್ತರದ ಕಾಟವಿರುವುದಿಲ್ಲವಲ್ಲ! ಅಂಥ ಮಾವನ ಬೆನ್ನಿಗೊಂದು ಚೀಲ ಏರಿಸಿ ಪರದೇಶಕ್ಕೆ ಕರೆದುಕೊಂಡು ಹೋಗುವ ಬುದ್ಧಿ ನನಗ್ಯಾಕೆ ಬಂತು ಎನ್ನುತ್ತೀರಾ? ಬುದ್ಧಿ ನನ್ನದಲ್ಲ, ನಮ್ಮವ್ವನದು.

ಲಾವೋಸ್ ದೇಶ ಸುತ್ತಿ ಬರಲು ನಾನೊಬ್ಬನೇ ಹೊರಟಿದ್ದೆ. ಅವ್ವ ಅಡ್ಡ ಬಂದಳು.

"ನಮ್ಮಣ್ಣನ್ನೂ ಕರ್ಕೊಂಡೋಗು. ಅತ್ತಿಗೆ ಹೋದಾಗಿಂದ ಊರಿನ ಮಾತೆಲ್ಲ ಆಡ್ತಾನೆ, ಅವಳ ಮಾತು ಮಾತ್ರ ಎತ್ತಲ್ಲ. ಕಣ್ಣಲ್ಲಿ ಒಂದು ತೊಟ್ಟು ನೀರು ಬಂದಿಲ್ಲ ಕಣೋ. ಎಲ್ಲಾದ್ರೂ ಕೂತು ಅತ್ತು ಒಸಿ ಹಗುರಾಗ್ಲಿ."

ಅಳುವುದಕ್ಕೆ ಅಷ್ಟು ದೂರ ಹೋಗಬೇಕೇ? ಹೋಗಬೇಕಿತ್ತೇನೋ. ಮಾವ, ಅತ್ತೆ ಇಬ್ಬರೂ ರೇಷ್ಮೆ ಹುಳ ಸಾಕಿಯೇ ಬಾಳಿದವರು. ಅತ್ತೆಯ ತಿಥಿ ಮುಗಿದ ಮಾರನೆಯ ದಿನ ಮಾವ ಹುಳದ ಮನೆಗೆ ಬೀಗ ಜಡಿದರು. ಆಮೇಲೆ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಮಾತು ಮಾತ್ರ ಮೊದಲಿಗಿಂತ ಹೆಚ್ಚಾಯಿತು.

ನಾವು ಇಳಿದುಕೊಂಡದ್ದು ಮೆಕಾಂಗ್ ನದಿಯ ದಡದ ಲುವಾಂಗ್ ಪ್ರಬಾಂಗ್ ಎಂಬ ಊರಿನಲ್ಲಿ. ಮಾವನ ಬಾಯಲ್ಲಿ ಅದು ಬಂದ ಗಳಿಗೆಯಲ್ಲೇ ಲವಂಗಪುರವಾಯಿತು. ಅಲ್ಲಿ ಬೆಳಗಾಗುತ್ತಲೇ ಭಿಕ್ಷುಗಳು ಬರಿಗಾಲಲ್ಲಿ ಸಾಲಾಗಿ ಬರುತ್ತಾರೆ. ಜನ ಅಂಟಂಟಾದ ಅನ್ನವನ್ನು ಉಂಡೆ ಮಾಡಿ ಅವರ ಪಾತ್ರೆಗೆ ಹಾಕುತ್ತಾರೆ. ನಮ್ಮ ಮಾವ ಬಿಟ್ಟಾರೆಯೇ? ಚೀಲದಲ್ಲಿ ರಾಗಿಹಿಟ್ಟು ತಂದಿದ್ದರು. ಲಾಡ್ಜಿನ ಅಡುಗೆಮನೆಗೆ ನುಗ್ಗಿ, ಮುದ್ದೆ ಕಟ್ಟಿಕೊಂಡು ಬಂದು ಜನರ ನಡುವೆ ಮಂಡಿಯೂರಿದರು. ವಯಸ್ಸಾದ ಭಿಕ್ಷುವೊಬ್ಬರು ಪಾತ್ರೆಗೆ ಬಿದ್ದ ಕರಿ ಉಂಡೆಯನ್ನು ಇಣುಕಿ ನೋಡಿ ನಿಂತೇಬಿಟ್ಟರು.

"ಅಗೀಬ್ಯಾಡಿ ಬುದ್ಧೀ," ಎಂದರು ಮಾವ ಕೈಮುಗಿದು, "ನುಂಗ್ಬುಡಬೇಕು. ಸಾರಿಗೆ ನೀವೇ ಏನಾರ ದಾರಿ ನೋಡ್ಕಳಿ."

ಭಿಕ್ಷು ನಸುನಕ್ಕು ಮುಂದೆ ಹೋದರು. ಬುದ್ಧನ ಕಡೆಯವರನ್ನು ಬುದ್ಧೀ ಎಂದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಬಿಸಿಲೇರಿದ ಮೇಲೆ ದೋಣಿ ಹತ್ತಿದೆವು. ಮೆಕಾಂಗ್ ತುಂಬಿ ಹರಿಯುತ್ತಿತ್ತು. ಮಾವ ದೋಣಿಯವನ ಪಕ್ಕ ಕೂತು ನ್ಯಾಯಕ್ಕೆ ಇಳಿದರು. "ಅಲ್ಲ ಕಣಪ್ಪ, ಇದ್ರಲ್ಲಿ ಒಸಿ ನಮ್ಮ ಅರ್ಕಾವತಿಗೆ ಬುಟ್ಟಿದ್ರೆ ನಿಮ್ಮಪ್ಪನ ಗಂಟೇನು ಹೋಗ್ತಿತ್ತು?" ಅವನು ತಲೆಯಾಡಿಸಿದ. "ನೋಡ್ದಾ, ಒಪ್ಕಂಡ," ಎಂದು ಮಾವ ನನ್ನ ಕಡೆ ತಿರುಗಿದರು. ದಡ ಮುಟ್ಟುವವರೆಗೆ ಅವರಿಬ್ಬರಿಗೂ ಯಾವ ತಕರಾರೂ ಬರಲಿಲ್ಲ.

ಇಳಿದ ಹಳ್ಳಿಯಲ್ಲಿ ಮನೆಮನೆಗೂ ಮಗ್ಗ. ನಮ್ಮ ಜೊತೆ ಬಂದಿದ್ದ ಬಿಳಿಯರ ಗುಂಪನ್ನು ಗೈಡು ಒಂದು ಗುಡಿಸಲಿನೊಳಕ್ಕೆ ಕರೆದ. ಬಾಗಿಲಲ್ಲೇ ಮಾವನ ಮಾತು ನಿಂತುಹೋಯಿತು. ಒಳಗಿಂದ ಹಿಪ್ಪುನೇರಳೆ ಸೊಪ್ಪಿನ ವಾಸನೆ ಬರುತ್ತಿತ್ತು. ಈಗ ಹಿಂದಕ್ಕೆ ತಿರುಗುತ್ತಾರೆ ಎಂದುಕೊಂಡೆ. ಅವರು ಚಪ್ಪಲಿ ಬಿಟ್ಟು, ಹುಳದ ಮನೆಯ ರೂಢಿಯಂತೆ ಬಾಗಿಲ ಬಳಿಯ ತೊಟ್ಟಿಯ ನೀರಲ್ಲಿ ಕೈಕಾಲು ತೊಳೆದು, ನನ್ನ ಕೈಲೂ ತೊಳೆಸಿ, ತಲೆ ಬಗ್ಗಿಸಿ ಒಳಗೆ ಹೋದರು.

ಬಿದಿರಿನ ತಟ್ಟೆಗಳಲ್ಲಿ ಹುಳಗಳಿದ್ದವು. ಅವು ತಿನ್ನುವುದನ್ನು ತೋರಿಸಲು ಗೈಡು ಸೊಪ್ಪು ಎತ್ತಿಕೊಂಡ. ಮಾವ ಅವನ ಕೈ ಹಿಡಿದರು.

"ಹಾಕ್ಬ್ಯಾಡ ಕಣಪ್ಪ. ಜ್ವರಕ್ಕೆ ಕೂತವೆ."

ನಮ್ಮ ಕಡೆ ಹುಳ ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ಆಗ ಅವು ತಲೆ ಎತ್ತಿಕೊಂಡು, ತಿನ್ನದೆ, ಅಲುಗದೆ ಕೂತುಬಿಡುತ್ತವೆ. ಮುಟ್ಟಬಾರದು. ಪೊರೆ ಕಳಚಿ ತಾವಾಗಿಯೇ ಏಳುತ್ತವೆ; ನಾಲ್ಕನೆಯ, ಅಂದರೆ ಕಡೆಯ ಜ್ವರ ಕಳೆದು ಎದ್ದ ಮೇಲಂತೂ ಮಂಕರಿಗಟ್ಟಲೆ ಸೊಪ್ಪು ಮುಕ್ಕುತ್ತವೆ. ಇಷ್ಟನ್ನೂ ಇಂಗ್ಲಿಷಿಗೆ ತಿರುಗಿಸುವ ಪುರಸೊತ್ತು ನನಗೆಲ್ಲಿತ್ತು? "ಫೀವರ್" ಎಂದುಬಿಟ್ಟೆ. ಸಾಕಾಯಿತು! ಗುಂಪಿಗೆ ಗುಂಪೇ ಮೂಗು ಮುಚ್ಚಿಕೊಂಡು ಬಿದ್ದಂಬೀಳ ಹೊರಗೋಡಿತು. ಸೊಪ್ಪು ಎಸೆದು ಗೈಡೂ ಅವರ ಹಿಂದೆ ಹೋದ.

ಒಳಗೆ ಉಳಿದವರು ನಾವಿಬ್ಬರು, ಆ ಮನೆಯ ಮುದುಕಿ. ಏನಾಯಿತೆಂದು ಅವಳಿಗೆ ತಿಳಿಯಲಿಲ್ಲ. ಮಾವ ನೆಲದ ಮೇಲೆ ಕೂತು, ತಲೆ ಮೇಲಕ್ಕೆತ್ತಿ, ಕಣ್ಣು ಮುಚ್ಚಿ, ಅಲ್ಲಾಡದೆ ತೋರಿಸಿದರು. ಮುದುಕಿಗೆ ಅರ್ಥವಾಯಿತು, ಕಿಲಕಿಲ ನಕ್ಕಳು. ತಾನೂ ಎದುರಿಗೆ ಕೂತು ಹಾಗೇ ತಲೆ ಎತ್ತಿ ಕಣ್ಣು ಮುಚ್ಚಿದಳು. ನನಗೂ ನಗು ತಡೆಯಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಬಿಟ್ಟಳು. ಮಾವ ಬಿಡಲಿಲ್ಲ.

"ನಿಮ್ಮತ್ತೇನೂ ಹಿಂಗೇ ಕೂತಿದ್ಲು ಕಣ್ಲಾ."

ನನ್ನ ನಗು ನಿಂತಿತು.

"ಊಟ ಬುಟ್ಟಿದ್ಲು. ಆಸ್ಪತ್ರೆಗೆ ಹೋಗಾನ ನಡಿ ಅಂದೆ. 'ಸುಮ್ಕಿರಿ ಅತ್ಲಾಗೆ, ನಂಗೂ ನಾಕ್ನೇ ಜ್ವರ. ಎದ್ಮೇಲೆ ಮಂಕ್ರಿಗಟ್ಲೆ ತಿಂತೀನಿ, ಮುಟ್ಬ್ಯಾಡಿ' ಅಂತ ನಗಾಡಿದ್ಲು. ನಾನೂ ನಗಾಡ್ದೆ. ಬಾಗ್ಲು ಮುಂದಕ್ಕೆಳ್ದು, ಸದ್ದಾಗ್ದಂಗೆ ಹೊರಗೆ ಕೂತಿದ್ದೆ. ಏಳ್ತಾಳೆ ಅಂತ ಕಾಯ್ತಾ ಕೂತಿದ್ದೆ ಕಣ್ಲಾ."

ಮುಚ್ಚಿದ ಕಣ್ಣುಗಳಿಂದಲೇ ನೀರು ಇಳಿಯಿತು. ಆಮೇಲೆ ಮಾವ ದನಿ ತೆಗೆದೇ ಅತ್ತರು. ಅವ್ವ ಬೇಡಿಕೊಂಡದ್ದು ಇದನ್ನೇ, ಆದರೂ ನೋಡಿಕೊಂಡು ನಿಲ್ಲಲು ನನ್ನ ಕೈಲಾಗಲಿಲ್ಲ. ಭುಜ ಹಿಡಿಯಲು ಹೋದೆ. ಗೈಡಿನ ಕೈಯನ್ನು ಮಾವ ಹಿಡಿದ ಹಾಗೆಯೇ ಮುದುಕಿ ನನ್ನ ಕೈ ಹಿಡಿದಳು. ಮಾವನ ಕಡೆ ಬೆರಳು ತೋರಿಸಿ, ತಲೆ ಮೇಲಕ್ಕೆತ್ತಿ, ಕಣ್ಣು ಮುಚ್ಚಿ ತೆರೆದಳು.

ನಾವಿಬ್ಬರೂ ಸದ್ದಾಗದ ಹಾಗೆ ಬಾಗಿಲು ಮುಂದಕ್ಕೆಳೆದು, ಮಾವ ಏಳುವುದನ್ನೇ ಕಾಯುತ್ತಾ ಹೊರಗೆ ಕೂತೆವು.