ತಾನೇ ಜರುಗಿಬಂದ ಹಾರ್ಮೋನಿಯಂಗೆ

ಹಿಂದೂಪುರ, 1989

ತಾತನ ಭಜನೆಯ ಕಾಲದಿಂದ ನಮ್ಮ ಮನೆಯ ಮೂಲೆಯನ್ನು ಪಾವನಗೊಳಿಸಿರುವ ಹಾರ್ಮೋನಿಯಂ ಮಹಾಶಯರಿಗೆ, ನೇಕಾರ ಆದಿನಾರಾಯಣನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ, ಮಗಳು ಚೌಡೇಶ್ವರಿಯ ಪಾಲಿಟೆಕ್ನಿಕ್ ಅರ್ಜಿಗೆ ನಾನಿನ್ನೂ ಸಹಿ ಹಾಕದಿರುವುದಕ್ಕೆ ತಾವೇ ಹೊಣೆ. ನಾಳೆಯೇ ಕೊನೆಯ ದಿನವಾದ್ದರಿಂದ ಈ ದೂರು.

ಅವಳ ಅನ್ನಪ್ರಾಶನ ತಮಗೆ ನೆನಪಿರಬಹುದು. ಆ ದಿನ ಮಗುವಿನ ಮುಂದೆ ಪುಸ್ತಕ, ಬಂಗಾರ, ಲಾಳಿ ಎಲ್ಲ ಹರಡಿ, ಅದು ಮುಟ್ಟಿದ್ದೇ ಅದರ ಹಣೆಬರಹ ಎನ್ನುವುದು ನಮ್ಮ ರೂಢಿ. ಮಗು ಎಲ್ಲವನ್ನೂ ಬಿಟ್ಟು, ಮಗ್ಗ ಬಿಗಿ ಮಾಡಿ ನಾನು ಮರೆತಿದ್ದ ಸ್ಪ್ಯಾನರಿನ ಕಡೆಗೆ ಅಂಬೆಗಾಲಿಟ್ಟಿತು. ಅಷ್ಟರಲ್ಲಿ ಕಾಲೇ ಇಲ್ಲದ ತಾವು ಮೊಳದಷ್ಟು ಜರುಗಿ ಅಡ್ಡ ಬಂದಿರಿ. ತಮ್ಮ ಹಿಂದೆ ನನ್ನ ಕೈ ಇತ್ತೆಂದು ನಮ್ಮಮ್ಮ ಇಂದಿಗೂ ಆಡಿಕೊಳ್ಳುತ್ತಾಳೆ. ವಯಸ್ಸಾದ ಕಣ್ಣು, ನಂಬಲಾಗದು. ಮಗುವಿನ ಅಂಗೈ ಬಿತ್ತು, ತಾವು ಪೀಂ ಎಂದಿರಿ. ತಿದಿ ಒತ್ತಿದವರು ಯಾರೆಂಬ ಪ್ರಶ್ನೆ ಈಗ ಬೇಡ. ಬೀದಿಗೆಲ್ಲ ಬೆಲ್ಲ ಹಂಚಿ ನಾನು ಸಂಗೀತ ವಿದುಷಿಯ ತಂದೆಯಾದೆ.

ಪಾಠಕ್ಕೆ ಕೂರಿಸಿದರೆ ಆಕೆ ತಮ್ಮನ್ನು ನುಡಿಸಿದ್ದಕ್ಕಿಂತ ಬಿಚ್ಚಿ ನೋಡಿದ್ದೇ ಹೆಚ್ಚು. ನಿಂತ ಗಡಿಯಾರ, ಮಾತು ಬಿಟ್ಟ ರೇಡಿಯೋ, ಪಕ್ಕದ ಮನೆ ನರಸಕ್ಕನ ಹೊಲಿಗೆ ಯಂತ್ರ, ಎಲ್ಲವನ್ನೂ ಸರಿಮಾಡಿ ಕೊಟ್ಟಾಗಲೆಲ್ಲ, ವಿದುಷಿಯ ಕೈಗೆ ಗ್ರೀಸು ಹತ್ತಬಾರದೆಂದು ನಾನು ತಪ್ಪದೆ ಬೈದೆ. ಮಗುವಿನ ಪ್ರತಿಭೆಯನ್ನು ಇಷ್ಟು ಸೂಕ್ಷ್ಮವಾಗಿ ಗುರುತಿಸುವ ತಂದೆ ಗೋರಂಟ್ಲದವರೆಗೆ ಹುಡುಕಿದರೂ ಸಿಕ್ಕಲಾರ.

ಕಳೆದ ಶಾಲಾ ವಾರ್ಷಿಕೋತ್ಸವದಲ್ಲಂತೂ ತಾವು ಪಲ್ಲವಿಯ ನಡುವೆಯೇ ಒಂದೇ ಸ್ವರ ಹಿಡಿದು ಕೂಗತೊಡಗಿದಿರಿ. ಮುಂದಿನ ಸಾಲಿನಲ್ಲಿ ನಾನು ತಲೆ ತಗ್ಗಿಸಿದೆ. ಆಕೆ ಹಾಡು ನಿಲ್ಲಿಸಿ, ಜಡೆಯ ಪಿನ್ನು ಕಿತ್ತು, ತಮ್ಮ ಹೊಟ್ಟೆ ಬಿಚ್ಚಿ, ಸಿಕ್ಕಿಕೊಂಡಿದ್ದ ಕಸ ತೆಗೆದು ಮುಚ್ಚಿದಳು. ಜನ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಆಮೇಲೆ ಮತ್ತೆ ಹಾಡಲು ಕೂತಾಗ ಒಬ್ಬೊಬ್ಬರಾಗಿ ಎದ್ದು ಹೋದರು.

ಮನೆಗೆ ಬಂದು ಅರ್ಜಿ ಮುಂದಿಟ್ಟು, ತಗ್ಗಿದ ದನಿಯಲ್ಲಿ ಹೇಳಿದಳು: "ನಂಗೆ ಹಾಡಕ್ಕೆ ಬರಕಿಲ್ಲ ಕಣಪ್ಪ. ನೀನು ಬೇಜಾರು ಮಾಡ್ಕಂತೀಯ ಅಂತ ಇಷ್ಟು ದಿನ ಹಾಡ್ದೆ."

ಆದ್ದರಿಂದ ತಾವು ದಯಮಾಡಿ ಆ ದಿನಕ್ಕೇ ಹಿಂದಿರುಗಿ, ಮೊಳದಷ್ಟು ಹಿಂದೆ ಸರಿದು, ಮಗುವಿಗೆ ದಾರಿ ಬಿಡಬೇಕು. ಜೊತೆಗೆ ಬೀದಿಯವರು ತಿಂದ ಬೆಲ್ಲವನ್ನು ವಾಪಸು ತರಿಸಬೇಕು. ತಮ್ಮ ಉತ್ತರಕ್ಕೆ ಕಾಯುವಷ್ಟು ವ್ಯವಧಾನವಿಲ್ಲದೆ, ಈ ಸಾಲು ಬರೆಯುವ ಮುಂಚೆ ಅರ್ಜಿಗೆ ಸಹಿ ಹಾಕಿಬಿಟ್ಟೆ, ಕ್ಷಮಿಸಬೇಕು.

ಇನ್ನು ಮುಂದೆ ತಿದಿ ಒತ್ತದ,
ತಮ್ಮ ವಿಶ್ವಾಸಿ,
ಆದಿನಾರಾಯಣ

ವಿ.ಸೂ.: ಕಲ್ಯಾಣದುರ್ಗದ ನನ್ನ ಭಾವಮೈದ ಲಕ್ಷ್ಮಣಪ್ಪ ತನ್ನ ಮಗನ ಅನ್ನಪ್ರಾಶನಕ್ಕೆ ತಮ್ಮನ್ನು ಎರವಲು ಕೇಳಿದ್ದಾನೆ. ಹೋಗಿಬನ್ನಿ. ಆದರೆ ಯಾರ ಕೈ ಹಿಂದಿನಿಂದ ತಳ್ಳಿದರೂ ಜರುಗದಂತೆ ಚೌಡೇಶ್ವರಿ ತಮ್ಮ ತಳಕ್ಕೆ ರಬ್ಬರಿನ ಪಾದಗಳನ್ನು ಬಿಗಿದಿದ್ದಾಳೆ. ನಾನೂ ತಳ್ಳಿ ನೋಡಿದೆ, ತಾವು ಮಿಸುಕಲಿಲ್ಲ. ಸ್ಪ್ಯಾನರನ್ನು ಈ ಸಲ ನಾನೇ ಅವಳ ಕೈಗಿತ್ತೆ.