ನಮ್ಮತ್ತೆ ಮಾಡಿಸಿದ ಕುಂಬಳದ ಮದುವೆಗಳು

ಶಿಕಾರಿಪುರದಲ್ಲಿ ಅತಿ ಹೆಚ್ಚು ಮದುವೆ ಮಾಡಿಸಿದವರು ಯಾರು ಅಂತ ಕೇಳಿದರೆ ನಾನು ಹಿಂದೆಮುಂದೆ ನೋಡದೆ ನಮ್ಮ ಸೋದರತ್ತೆಯ ಕಡೆ ಬೆರಳು ತೋರಿಸುತ್ತೇನೆ. ಆದರೆ ಒಂದು ಮದುವೆಗೂ ಅವಳು ಯಾರನ್ನೂ ಕರೆದವಳಲ್ಲ, ಯಾರಿಗೂ ಒಂದು ಲಾಡು ತಿನ್ನಿಸಿದವಳಲ್ಲ. ವರನಂತೂ ಮಧ್ಯಾಹ್ನದೊಳಗೆ ಬಾಡಿ ಬಿದ್ದಿರುತ್ತಾನೆ. ಇಂಥ ಮದುವೆಗೆ ಹೋಗಿ ಮಾಡುವುದಾದರೂ ಏನು?

ಮೊದಲ ಸಲ ನನಗೂ ಗೊತ್ತಾಗಲಿಲ್ಲ. ಸೊರಬದಿಂದ ಬೆಳಗಿನ ಬಸ್ಸಿಗೆ ಬಂದು ಗೇಟು ತೆಗೆದರೆ ಹಿತ್ತಲಿನಿಂದ ಅತ್ತೆಯ ದನಿ. "ಹುಡುಗ ಒಳ್ಳೆಯವನದಾನೆ. ಎರಡು ಮನೆ ಆಚೆಯವನು, ಗುರುತಿನ ಜನ. ಸುಮ್ನೆ ಒಪ್ಕೊಂಡುಬಿಡು." ಹೆಣ್ಣಿನ ಕಡೆಯವರು ಬಂದಿದ್ದಾರೆ, ಮಧ್ಯೆ ಹೋಗಬಾರದು ಅಂತ ನಾನು ಮರ್ಯಾದೆಯಿಂದ ಕಟ್ಟೆಯ ಮೇಲೆ ಕೂತೆ. ಕೂತೇ ಇದ್ದೆ. ಹೆಣ್ಣು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕೊನೆಗೆ ಇಣುಕಿದರೆ ಅತ್ತೆ ಕುಂಬಳದ ಬಳ್ಳಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಹೂವನ್ನು ಇನ್ನೊಂದು ಹೂವಿನೊಳಗೆ ಒತ್ತಿ ಹಿಡಿದಿದ್ದಾಳೆ.

ಕುಂಬಳದಲ್ಲಿ ಗಂಡುಹೂವು ಬೇರೆ, ಹೆಣ್ಣುಹೂವು ಬೇರೆ. ಹೆಣ್ಣುಹೂವಿನ ಬುಡದಲ್ಲಿ ಗೋಲಿಯಷ್ಟು ಪುಟ್ಟ ಕಾಯಿ ಇರುತ್ತದೆ. ಗಂಡುಹೂವಿನ ಪರಾಗ ತಲುಪದಿದ್ದರೆ ಅದು ಹಳದಿಯಾಗಿ ಉದುರುತ್ತದೆ. ಈ ಓಡಾಟವನ್ನೆಲ್ಲ ಹಿತ್ತಲ ಗೋಡೆಯ ಪೊಟರೆಯಲ್ಲಿದ್ದ ತುಡುವೆ ಜೇನು ನೋಡಿಕೊಳ್ಳುತ್ತಿತ್ತು. ಹೋದ ವರ್ಷ ಪಕ್ಕದ ಮನೆಯವರು ಗೃಹಪ್ರವೇಶಕ್ಕೆ ಶಾಮಿಯಾನ ಹಾಕಿಸುವಾಗ ಹೊಗೆ ಹಾಕಿ ಓಡಿಸಿದರು. ಅವರು ಹಾಕಿಸಿದ ಹೋಳಿಗೆ ಊಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ಆ ಮಳೆಗಾಲ ಅತ್ತೆಯ ಬಳ್ಳಿಯ ತುಂಬ ಹೂವು, ಕಾಯಿ ಒಂದೂ ಇಲ್ಲ. ಪಕ್ಕದವರ ಸೌತೆಬಳ್ಳಿಯದೂ ಅದೇ ಹಣೆಬರಹ.

ಅದಕ್ಕೇನು, ಸಂತೆಯಿಂದ ತಂದರಾಯಿತು ಅಂತೀರಾ? ಅತ್ತೆಯ ಮುಂದೆ ಮಾತ್ರ ಅನ್ನಬೇಡಿ. ಭೂಮಿ ಹುಣ್ಣಿಮೆಯ ದಿನ, ಬಸುರಿಯಾದ ಭೂಮಿಯ ಬಯಕೆ ತೀರಿಸಲು ಹೊಲಕ್ಕೆ ಒಯ್ಯುವ ಅಡುಗೆಗೆ ಕುಂಬಳಕಾಯಿ ತನ್ನ ಹಿತ್ತಲದ್ದೇ ಆಗಬೇಕು ಅಂತ ಅವಳ ಹಟ. ಹೋದ ವರ್ಷ ಸಂತೆಯ ಕಾಯಿಯ ಪಲ್ಯವನ್ನು ಅವಳು ಬಾಯಿಗೂ ಇಡಲಿಲ್ಲ. ಈ ವರ್ಷ ಒಂದಾದರೂ ಕಾಯಿ ನಿಲ್ಲಲೇಬೇಕು.

ಜೇನನ್ನು ವಾಪಸ್ ಕರೆಸಲು ಅವಳು ಮಾಡದ ಉಪಾಯವಿಲ್ಲ. ಗೋಡೆಗೆ ಮಡಕೆ ಕಟ್ಟಿದಳು. "ಬಾಡಿಗೆಗೆ ಇರುವೆ ಬಂದಾವೆ ನೋಡೇ" ಅಂತ ಮಾವ ನಕ್ಕರು. ಜೇನಿಗೆ ಇರಲಿ ಅಂತ ಕೊತ್ತಂಬರಿ ಮಡಿಯನ್ನು ಪೂರ್ತಿ ಹೂವಿಗೆ ಬಿಟ್ಟಳು. ಪಾಪ ಮಾವ! ಮಂಡಿಯಲ್ಲಿ ದಿನವಿಡೀ ವ್ಯಾಪಾರ ಮಾಡಿ ಬಂದ ಮನುಷ್ಯ, ಮನೆಯಲ್ಲೇ ಕೊತ್ತಂಬರಿ ಇದ್ದೂ ಬೋಳು ಸಾರು ಉಣ್ಣಬೇಕು.

"ಎರಡು ಎಸಳು ಕಿತ್ರೆ ಜೇನಿಗೇನು ಗೊತ್ತಾಗುತ್ತೇನೇ?"

"ನಿಮಗೆ ಗೊತ್ತಾಗಲ್ವಾ, ಸಾರಲ್ಲಿ ಇಲ್ಲದ್ದು? ಅದಕ್ಕೂ ಗೊತ್ತಾಗುತ್ತೆ ಬಿಡ್ರಿ."

ಒಂದು ದಿನ ಬೆಳಿಗ್ಗೆ ಫೋನು. "ತಮ್ಮಾ, ಇಲ್ಲಿ ಗಂಡುಹೂವೇ ಅರಳಿಲ್ಲ. ನಿಮ್ಮ ಹಿತ್ತಲಿಂದ ಒಂದು ತಗೊಂಡು ಬಾ." ಒದ್ದೆ ಬಟ್ಟೆ ಹಾಸಿದ ಡಬ್ಬಿಯಲ್ಲಿ ಹೂವಿಟ್ಟುಕೊಂಡು ಬಸ್ಸು ಹತ್ತಿದೆ. "ಏನ್ರೀ ಅದು, ಅಷ್ಟು ಜೋಪಾನ?" ಅಂದ ಕಂಡಕ್ಟರ್. "ಮದುವೆ ಗಂಡು" ಅಂದೆ. ಅದಕ್ಕೂ ಅರ್ಧ ಟಿಕೆಟ್ ಹರಿಯಲಿಲ್ಲ, ಪುಣ್ಯ.

ಡಬ್ಬಿ ತೆರೆದ ಅತ್ತೆ ತಲೆಯ ಮೇಲೆ ಕೈ ಹೊತ್ತು ಕೂತಳು. "ಅಯ್ಯೋ ಪುಣ್ಯಾತ್ಮ, ಹೆಣ್ಣನ್ನ ಕೊಯ್ಕೊಂಡು ಬಂದೀಯಲ್ಲೋ. ನೋಡಿಲ್ಲಿ, ಹೊಟ್ಟೇಲಿ ಕಾಯಿ ಐತೆ."

ನಾನು ನಕ್ಕೆ, ಮಾವನೂ ನಕ್ಕರು. ಅವಳು ನಗಲಿಲ್ಲ. ಆ ಹೂವನ್ನು ಎಸೆಯದೆ, ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ತುಳಸಿಕಟ್ಟೆಯ ಮೇಲೆ ಇಟ್ಟಳು. ಅದನ್ನು ನೋಡಿ ಮಾವನ ನಗು ಅಲ್ಲಿಗೇ ನಿಂತಿತು.

ಅಂತೂ ಒಂದೇ ಒಂದು ಕಾಯಿ ನಿಂತಿತು. ನೆಲದ ತೇವ ತಾಗದಂತೆ ಅದರಡಿ ಹುಲ್ಲು ಹಾಸಿ, ಕಣ್ಣಾಗದಂತೆ ಮೇಲೊಂದು ಹಳೆ ಸೆರಗು ಹೊದಿಸಿ ಬೆಳೆಸಿದಳು. ಹುಣ್ಣಿಮೆಗೆ ಅದನ್ನು ಮಡಿಲಲ್ಲಿಟ್ಟುಕೊಂಡೇ ಉಡುತಡಿಯ ಹತ್ತಿರ ಮಾವನ ಅಣ್ಣತಮ್ಮಂದಿರ ಮನೆಗೆ ಬಂದಳು. ನಾನೂ ಜೊತೆಗಿದ್ದೆ.

ಅತ್ತೆಗೆ ಮಕ್ಕಳಾಗಲಿಲ್ಲ. ಹೊಲಕ್ಕೆ ಆ ಬಯಕೆಯ ಅಡುಗೆಯ ಬುಟ್ಟಿ ಹೊರುವವಳು ಹೆತ್ತವಳೇ ಆಗಬೇಕು ಅನ್ನುವುದು ಆ ಮನೆಯ ಪದ್ಧತಿ. ಬುಟ್ಟಿಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆಯುವುದು ಅತ್ತೆ, ಅಡುಗೆ ಮಾಡುವುದು ಅತ್ತೆ. ಹೊತ್ತು ನಡೆಯುವುದು ಅವಳ ಮೈದುನನ ಹೆಂಡತಿ. ಮದುವೆಯಾದಾಗಿನಿಂದ ಅತ್ತೆ ಎಲ್ಲರ ಹಿಂದೆ ನೀರಿನ ತಂಬಿಗೆ ಹಿಡಿದು ನಡೆದವಳು.

ಅವತ್ತೂ ಮೈದುನನ ಹೆಂಡತಿ ತಲೆಗೆ ಸಿಂಬೆ ಇಟ್ಟುಕೊಂಡು ಬುಟ್ಟಿ ಎತ್ತಲು ಬಗ್ಗಿದಳು. ಮಾವ ಅಡ್ಡ ಬಂದರು.

"ತಡಿಯವ್ವಾ. ಈ ಸಲ ಇವಳು ಹೊರಲಿ."

"ಪದ್ಧತಿ ಐತಲ್ಲಪ್ಪಾ" ಅಂದರು ಅವರ ಅಣ್ಣ.

"ಪದ್ಧತಿ ಮೀರಲ್ಲಣ್ಣಾ. ಬುಟ್ಟೀಲಿರೋ ಕುಂಬಳಕಾಯಿ ಯಾರು ಹೆತ್ತದ್ದು? ಬೆಳಗಾದರೆ ಎದ್ದು, ಮಂಡಿ ಊರಿ, ಇವಳೇ ಹೆತ್ತದ್ದು. ನಾನು ಕಣ್ಣಾರೆ ನೋಡೀನಿ." ಬೋಳು ಸಾರು ಉಂಡ ಆ ಮನುಷ್ಯ ಅಂದದ್ದು ಇಷ್ಟೇ. ಮೈದುನನ ಹೆಂಡತಿಯೇ ತನ್ನ ತಲೆಯ ಸಿಂಬೆ ತೆಗೆದು ಅತ್ತೆಯ ತಲೆಯ ಮೇಲಿಟ್ಟು, ಬುಟ್ಟಿಗೆ ಕೈಕೊಟ್ಟಳು.

ಹೊಲದ ಹಾದಿಯಲ್ಲಿ ಬಿಸಿಲು ಬಿದ್ದಿತ್ತು. ಬದುವಿನ ಹತ್ತಿರ ಅತ್ತೆ ಇದ್ದಕ್ಕಿದ್ದಂತೆ ನಿಂತಳು.

"ಯಾಕೇ, ಭಾರ ಆಯ್ತಾ?" ಅಂದರು ಮಾವ.

"ಇಲ್ರೀ. ಹುಚ್ಚೆಳ್ಳಿನ ಹೂವಿಗೆ ಜೇನು ಬಂದಾವೆ. ಅವುಗಳ ಕೆಲಸ ಆಗ್ಲಿ, ತಡೀರಿ."

ನಾವೆಲ್ಲ ಅವಳ ಹಿಂದೆ ಸಾಲಾಗಿ ನಿಂತೆವು. ಬುಟ್ಟಿ ಹೊತ್ತವಳನ್ನು ದಾಟಿ ಯಾರೂ ಮುಂದೆ ಹೋಗುವಂತಿಲ್ಲ. ಅದೂ ಆ ಮನೆಯ ಪದ್ಧತಿಯೇ.